ಕಿಕ್ ಹೊಡೆಯೋದು ನಿಲ್ಲಿಸಿ, ಪ್ಲಗ್ ಬಿಚ್ಚಿ: ಹಳೆಯ ಜಾವಾ, ಯೆಜ್ಡಿ ಸ್ಟಾರ್ಟ್ ಆಗದಿದ್ದಾಗ ಏನು ನೋಡಬೇಕು

ಐದು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದರೆ ಆರನೆಯದು ಹೊಡೆಯಬೇಡಿ. ಸ್ಟ್ಯಾಂಡ್ ಹಾಕಿ, ಪೆಟ್ರೋಲ್ ಟ್ಯಾಪ್ ಮುಚ್ಚಿ, ಪ್ಲಗ್ (ಎಂಜಿನ್ ಒಳಗೆ ಕಿಡಿ ಕೊಡುವ ಬಿಡಿಭಾಗ) ಬಿಚ್ಚುವ ಪಾನಾ ತನ್ನಿ.

ಇದನ್ನು ಕಲಿಯೋಕೆ ನನಗೆ ಬಹಳ ವರ್ಷ ಹಿಡಿಯಿತು. ಅಪ್ಪನ ಯೆಜ್ಡಿ 250 ನಾಲ್ಕು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಹೊರಗೆ ತೆಗೆದ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಿಕ್ ಹೊಡೆದೆ. ಪಾದ ಊದಿಕೊಂಡಿತು, ಗಾಡಿ ಮಾತ್ರ ಒಂದು ಸಲ ಕೆಮ್ಮಲೂ ಇಲ್ಲ. ಸಂಜೆ ನಮ್ಮ ಬೀದಿಯ ಹಳೆಯ ಮೆಕ್ಯಾನಿಕ್ ಬಂದರು. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯುತ್ತಾರೆ. ಅವರು ಕಿಕ್ಕರ್ ಮುಟ್ಟಲೇ ಇಲ್ಲ. "ಮೊದ್ಲು ಪ್ಲಗ್ ಬಿಚ್ಚಪ್ಪ. ಏನಾಗಿದೆ ಅಂತ ಅದೇ ಹೇಳುತ್ತೆ" ಅಂದರು. ಬಿಚ್ಚಿದರೆ ತುದಿಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. "ಇಷ್ಟು ಹೊತ್ತು ಒದ್ದಿದ್ದೀಯ. ಬೆಳಿಗ್ಗೆ ಇದು ಒಣಗಿತ್ತೋ ಒದ್ದೆಯಾಗಿತ್ತೋ ಈಗ ಹೇಗೆ ಹೇಳೋದು?" ಅಂತ ಕೇಳಿದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸುಮ್ನೆ ಹೊಡೆಯುವ ಪ್ರತಿ ಕಿಕ್ ಕೂಡ ಕಾಯಿಲೆಯ ಗುರುತನ್ನು ಅಳಿಸುತ್ತದೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ನೇರವಾಗಿ ಪಿಸ್ಟನ್ ಮೇಲಕ್ಕೆ ಹೋಗುವುದಿಲ್ಲ. ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿಗೆ ಹೋಗಿ, ಅಲ್ಲಿಂದ ಮೇಲೆ ಬರುತ್ತದೆ. ಕಿಡಿ ಇಲ್ಲದ ಎಂಜಿನ್ನಿಗೆ ಇಪ್ಪತ್ತು ಕಿಕ್ ಹೊಡೆದರೆ ಕೆಳಗೆಲ್ಲ ಪೆಟ್ರೋಲ್ ತುಂಬಿಕೊಳ್ಳುತ್ತದೆ. ಆಮೇಲೆ ಕಿಡಿ ಸರಿ ಮಾಡಿದರೂ ಗಾಡಿ ಏಳುವುದಿಲ್ಲ. ಇದ್ದ ಒಂದು ತೊಂದರೆ ಎರಡಾಗುತ್ತದೆ.

ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಮೈಸೂರಿನ ಗಾಡಿಗಳ ಬಗ್ಗೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ 1996ರವರೆಗೆ ಬಂದ 250 ಸಿಸಿ ಗಾಡಿಗಳು. ಅಂದರೆ ಆ ಕಾರ್ಖಾನೆಯ ಅತಿ ಹೊಸ ಯೆಜ್ಡಿಗೂ ಈಗ ಸುಮಾರು ಮೂವತ್ತು ವರ್ಷ. ಇವುಗಳ ಕಬ್ಬಿಣ ಗಟ್ಟಿ. ಆದರೆ ರಬ್ಬರ್, ವೈರು, ಸೀಲುಗಳಿಗೆ ವಯಸ್ಸಾಗಿದೆ. ಬಹುಪಾಲು ತೊಂದರೆ ಅಲ್ಲಿಯೇ. ಬ್ಯಾಟರಿ, ಕಾಯಿಲ್ (ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ), ಪಾಯಿಂಟ್ (ಆ ಕರೆಂಟನ್ನು ತಕ್ಕ ಕ್ಷಣದಲ್ಲಿ ಕಡಿಯುವ ಸ್ವಿಚ್) ಇರುವ ಗಾಡಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸಿಡಿಐ (ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ರೋಡ್‌ಕಿಂಗ್ ನಿಮ್ಮದಾದರೆ ಪಾಯಿಂಟಿನ ಭಾಗ ಬಿಟ್ಟು ಉಳಿದದ್ದು ಓದಿ.

ಸಾಮಾನು ಮೊದಲೇ ಜೋಡಿಸಿಕೊಳ್ಳಿ

ಪ್ಲಗ್ ಪಾನಾ, ಒಂದು ಹೊಸ ಪ್ಲಗ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಲೋಹದ ಎಲೆಗಳು), ಸಣ್ಣ ಮತ್ತು ದೊಡ್ಡ ಸ್ಕ್ರೂ ಡ್ರೈವರ್, ನಯವಾದ ಎಮರಿ ಪೇಪರ್, ಮಲ್ಟಿಮೀಟರ್, ಎರಡು ವೈರು ಬೆಸುಗೆ ಹಾಕಿದ 6 ವೋಲ್ಟ್ ಬಲ್ಬು, ಹತ್ತಿಯ ಬಟ್ಟೆ, ಒಂದು ಗಾಜಿನ ಬಾಟಲಿ. ಇಷ್ಟಿದ್ದರೆ ಹತ್ತರಲ್ಲಿ ಎಂಟು ತೊಂದರೆ ಮನೆಯಲ್ಲೇ ಪತ್ತೆಯಾಗುತ್ತವೆ. ಒಂದು ಪುಸ್ತಕ, ಪೆನ್ನೂ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಪ್ಲಗ್, ಕಂಡೆನ್ಸರ್ (ಪಾಯಿಂಟ್ ಸುಡದಂತೆ ತಡೆಯುವ ಚಿಕ್ಕ ಡಬ್ಬಿ), ಜೆಟ್ (ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತುಂಡು) ಮೂರನ್ನೂ ಒಟ್ಟಿಗೆ ಬದಲಿಸಿದಾಗ ಗಾಡಿ ಎದ್ದರೆ ಯಾವುದರಿಂದ ಎದ್ದಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಕೆಲಸ ಬಯಲಲ್ಲಿ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಹಾರಿಸುವ ಪರೀಕ್ಷೆ ಇದು. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಪ್ಲಗ್ ಓದುವುದು

ಎಂಜಿನ್ ತಣ್ಣಗಿರುವಾಗ ಟ್ಯಾಪ್ ತೆರೆದು, ಟಿಕ್ಲರ್ (ಕಾರ್ಬೊರೇಟರಿಗೆ ಹೆಚ್ಚು ಪೆಟ್ರೋಲ್ ಇಳಿಸುವ ಗುಂಡಿ) ಒತ್ತಿ, ನಾಲ್ಕೈದು ಕಿಕ್ ಹೊಡೆದು ಪ್ಲಗ್ ಬಿಚ್ಚಿ. ಬೆಳಕಿಗೆ ಹಿಡಿಯಿರಿ.

ತುದಿ ಒಣಗಿದ್ದು, ಪೆಟ್ರೋಲ್ ವಾಸನೆಯೂ ಇಲ್ಲ ಅಂದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಸುಡುತ್ತಿಲ್ಲ. ಕಿಡಿಯ ಕಡೆ ಹೋಗಿ. ಕಾಡಿಗೆಯಂತೆ ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಕಪ್ಪಗೆ ಜಿಡ್ಡುಜಿಡ್ಡಾಗಿದ್ದರೆ ಆಯಿಲ್ ಜಾಸ್ತಿ ಅಥವಾ ಗೇರ್ ಆಯಿಲ್ ಒಳಗೆ ಸೇರುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲೋ ಕಳ್ಳಗಾಳಿ ಎಳೆಯುತ್ತಿದೆ. ಚೆನ್ನಾಗಿ ಓಡುವ ಗಾಡಿಯ ಪ್ಲಗ್ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣದಲ್ಲಿರುತ್ತದೆ.

ಪ್ಲಗ್ ತುದಿಯ ಎರಡು ಕಡ್ಡಿಗಳ ನಡುವೆ ಕೂದಲಿನಷ್ಟು ಸಣ್ಣ ಕಾರ್ಬನ್ ಎಳೆ ಸಿಕ್ಕಿಕೊಂಡಿರುವುದೂ ಉಂಟು. ಟೂ ಸ್ಟ್ರೋಕ್‌ನಲ್ಲಿ ಇದು ಮಾಮೂಲು. ಅಷ್ಟು ಸಣ್ಣದಕ್ಕೆ ಇಡೀ ಗಾಡಿ ಸತ್ತಂತೆ ನಿಲ್ಲುತ್ತದೆ. ಉಗುರಿನಲ್ಲಿ ತೆಗೆದರೆ ಸಾಕು. ಗ್ಯಾಪ್ 0.6 ಮಿ.ಮೀ. ಇರಲಿ. ಫೀಲರ್ ಗೇಜ್ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನ ದಪ್ಪ ಹೆಚ್ಚೂಕಮ್ಮಿ ಅಷ್ಟೇ ಇರುತ್ತದೆ, ಅದು ಬಿಗಿಯಾಗಿ ಜಾರಬೇಕು.

ಪ್ಲಗ್ ಒಣಗಿದ್ದರೆ

ಟ್ಯಾಂಕಿನಿಂದ ಶುರುಮಾಡಿ, ಪೆಟ್ರೋಲ್ ಇಳಿಯುವ ದಾರಿಯಲ್ಲೇ ಹೋಗಿ. ಕಾರ್ಬೊರೇಟರ್ ಕಡೆ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಬಿಡಿ. ಟ್ಯಾಪ್ ತೆರೆದಾಗ ಧಾರೆ ಬರಬೇಕು, ಹನಿ ಅಲ್ಲ. ಮೊದಲು ಧಾರೆ ಬಂದು ಒಂದೆರಡು ನಿಮಿಷಕ್ಕೆ ಹನಿಯಾದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ತೆರೆದ ಕೂಡಲೇ ಧಾರೆ ಮತ್ತೆ ಬಂತಾ? ಹಾಗಾದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಪಾಲಿಶ್ ಮಾಡುವಾಗ ಮೇಣ ಸೇರಿ ಮುಚ್ಚಿರುವುದನ್ನು ನೋಡಿದ್ದೇನೆ. ತೆಳು ತಂತಿಯಲ್ಲಿ ಬಿಡಿಸಿ.

ಬಾಟಲಿಯನ್ನು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಕೆಂಪು ಪುಡಿ ಕೂತರೆ ಟ್ಯಾಂಕಿನೊಳಗೆ ತುಕ್ಕು. ಎರಡು ಪದರವಾಗಿ ಬೇರೆಬೇರೆ ನಿಂತರೆ ನೀರು ಸೇರಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಜಾಸ್ತಿ ನೀರು ಹೀರಿದರೆ ಪೆಟ್ರೋಲಿನಿಂದ ಬೇರೆಯಾಗಿ ಕೆಳಗೆ ಇಳಿಯುತ್ತದೆ. ಟ್ಯಾಪ್ ಎಳೆಯುವುದು ತಳದಿಂದಲೇ ತಾನೇ? ಎಂಜಿನ್ನಿಗೆ ಮೊದಲು ಹೋಗುವುದು ಆ ನೀರು. ಹಳೆಯ ಕಾಲದ ರಬ್ಬರ್ ಪೈಪ್, ವಾಷರ್‌ಗಳನ್ನೂ ಎಥನಾಲ್ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಈ ಗಾಡಿಗಳು ಹುಟ್ಟಿದಾಗ ಇಂಥ ಪೆಟ್ರೋಲ್ ಇರಲೇ ಇಲ್ಲ. ಎರಡು ವಾರಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ನಾನು ಹಾಗೇ ಮಾಡುತ್ತೇನೆ.

ಧಾರೆ ಚೆನ್ನಾಗಿದೆ, ಆದರೂ ಪ್ಲಗ್ ಒಣಗಿದೆ ಅಂದರೆ ಕಾರ್ಬೊರೇಟರ್ ಬಿಚ್ಚಬೇಕು. ಜಾವಾದ ಜಿಕೋವ್ ಕಾರ್ಬೊರೇಟರ್ ಸರಳ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಜೆಟ್ಟನ್ನು ಆಕಾಶಕ್ಕೆ ಹಿಡಿದು ನೋಡಿ. ತೂತು ದುಂಡಗೆ, ಚೊಕ್ಕವಾಗಿ ಕಾಣಬೇಕು. ನಿಂತ ಗಾಡಿಗಳಲ್ಲಿ ಅಲ್ಲಿ ಹಸಿರು ಮಿಶ್ರಿತ ಹಳದಿ ಅಂಟು ಕಟ್ಟಿಕೊಂಡಿರುತ್ತದೆ. ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಹೊಡೆಸಿ. ಸೂಜಿ, ಪಿನ್ನು ಹಾಕಿ ಕೆರೆಯಬೇಡಿ. ಜೆಟ್ ಹಿತ್ತಾಳೆಯದು, ಒಂದು ಗೀರು ಬಿದ್ದರೂ ತೂತು ದೊಡ್ಡದಾಗುತ್ತದೆ. ಫ್ಲೋಟ್ (ಪೆಟ್ರೋಲಿನಲ್ಲಿ ತೇಲುವ ಪೊಳ್ಳು ಬುರುಡೆ) ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದರೆ ತೂತಾಗಿ ಪೆಟ್ರೋಲ್ ತುಂಬಿದೆ ಅಂತ ಅರ್ಥ.

ಮತ್ತೆ ಜೋಡಿಸುವಾಗ ಫ್ಲ್ಯಾಂಜ್ ನೋಡಿ, ಅಂದರೆ ಕಾರ್ಬೊರೇಟರ್ ಸಿಲಿಂಡರಿಗೆ ಕೂರುವ ಚಪ್ಪಟೆ ಮುಖ. ವರ್ಷಗಟ್ಟಲೆ ಎರಡು ನಟ್‌ಗಳನ್ನು ಜಾಸ್ತಿ ಬಿಗಿದು ಬಿಗಿದು ಅದು ಬಿಲ್ಲಿನಂತೆ ಬಾಗಿರುತ್ತದೆ. ಕನ್ನಡಿಯ ಮೇಲೆ ಇಟ್ಟು ಒತ್ತಿ. ಅಲುಗಾಡಿದರೆ ಬಾಗಿದೆ. ಗಾಜಿನ ಮೇಲೆ ಎಮರಿ ಪೇಪರ್ ಹರಡಿ, ಫ್ಲ್ಯಾಂಜನ್ನು ಎಂಟರ ಆಕಾರದಲ್ಲಿ ಉಜ್ಜಿ ಚಪ್ಪಟೆ ಮಾಡಿ. ಆಮೇಲೆ ಒಳಗೆ ಪುಡಿ ಉಳಿಯದಂತೆ ತೊಳೆಯಿರಿ. ಅಪ್ಪನ ಗಾಡಿಗೆ ಇದೊಂದು ಮಾಡಿದ ಮೇಲೆ ಐಡಲ್ (ಆಕ್ಸಿಲರೇಟರ್ ಬಿಟ್ಟಾಗಲೂ ಎಂಜಿನ್ ಓಡುವುದು) ಸ್ಥಿರವಾಯಿತು.

ಪ್ಲಗ್ ಒದ್ದೆಯಾಗಿದ್ದರೆ

ಮೊದಲು ಒಳಗಿನ ಪೆಟ್ರೋಲ್ ಹೊರಹಾಕಿ. ಟ್ಯಾಪ್ ಮುಚ್ಚಿ, ಕೀ ತೆಗೆಯಿರಿ. ಪ್ಲಗ್ ಇಲ್ಲದೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಹದಿನೈದು ಇಪ್ಪತ್ತು ಸಲ ಕಿಕ್ ಮಾಡಿ. ಪ್ಲಗ್ ತೂತಿಗೆ ಬಟ್ಟೆ ಅಡ್ಡ ಇಡಿ, ಪೆಟ್ರೋಲ್ ಚಿಮ್ಮುತ್ತದೆ. ಬಟ್ಟೆ ಒಣಗಿ ಬರುವವರೆಗೆ ಮಾಡಿ, ಹತ್ತು ನಿಮಿಷ ಬಿಡಿ.

ಕಿಡಿ ನೋಡುವ ಮೊದಲು ಆ ತೂತು ಮುಚ್ಚಿ, ಬಟ್ಟೆ ದೂರ ಎಸೆಯಿರಿ. ಒಂದು ಒಣಗಿದ ಒಳ್ಳೆಯ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರಿನ ರೆಕ್ಕೆಗೆ ತಾಗುವಂತೆ, ತೂತಿನಿಂದ ಆದಷ್ಟು ದೂರ ಹಿಡಿಯಿರಿ. ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದರೆ ಒಳ್ಳೆಯದು. ಕೀ ಹಾಕಿ, ಇನ್ನೊಬ್ಬರಿಗೆ ಕಿಕ್ ಮಾಡಲು ಹೇಳಿ. ನೆರಳಿನಲ್ಲಿ ನೋಡಿ.

ನೀಲಿ ಬಣ್ಣದ, ಚಟ್ ಚಟ್ ಅಂತ ಕಿವಿಗೆ ಕೇಳುವ ಕಿಡಿ ಬಂದರೆ ಕಿಡಿ ಸರಿ ಇದೆ. ಹಳದಿ, ಕಿತ್ತಳೆ, ತೆಳು ಕಿಡಿ ಬಂದರೆ ಅದನ್ನು ನಂಬಬೇಡಿ. ಹೊರಗೆ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರುವುದಿಲ್ಲ. "ಕರೆಂಟ್ ಬರ್ತಿದೆ" ಅಂತ ಇಲ್ಲಿಗೇ ಬಿಟ್ಟು ಕಾರ್ಬೊರೇಟರ್ ಕಡೆ ಹೋಗುವವರೇ ಜಾಸ್ತಿ. ಬಹಳ ಜನ ಎಡವುವ ಜಾಗ ಇದು.

ಕಿಡಿ ಇಲ್ಲ ಅಥವಾ ತೆಳು ಅಂದರೆ ಬ್ಯಾಟರಿಯಿಂದ ಶುರುಮಾಡಿ. ಈ ಗಾಡಿಗಳಲ್ಲಿ ಕಿಡಿಗೆ ಬೇಕಾದ ಕರೆಂಟ್ ಬ್ಯಾಟರಿಯಿಂದಲೇ ಬರುತ್ತದೆ. ಬ್ಯಾಟರಿ ಸತ್ತರೆ ಕಿಡಿಯೂ ಇಲ್ಲ. ಚಾರ್ಜ್ ತುಂಬಿದ 6 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ 6.3ರ ಆಸುಪಾಸು ತೋರಿಸುತ್ತದೆ. 6ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮಾತು. ಮೀಟರ್ ಇಲ್ಲವಾ? ಹಾರ್ನ್ ಒತ್ತಿ. ಗಂಟಲು ಕಟ್ಟಿದಂತೆ ಕೂಗಿದರೆ ಗೊತ್ತಾಯಿತಲ್ಲ. ಹೊಸ ಬ್ಯಾಟರಿ ಹಾಕುವಾಗ ಹಳೆಯದರ ಯಾವ ಕಂಬ (ಪ್ಲಸ್ಸೋ ಮೈನಸ್ಸೋ) ಬಾಡಿಗೆ ಅರ್ತ್ ಆಗಿತ್ತೋ ಅದನ್ನೇ ಅರ್ತ್ ಮಾಡಿ.

ಬ್ಯಾಟರಿ ಚೆನ್ನಾಗಿದ್ದರೆ ಕೀ ಹಾಕಿ ಕಾಯಿಲಿನವರೆಗೆ ಕರೆಂಟ್ ಬರುತ್ತಿದೆಯಾ ಅಂತ ಬಲ್ಬಿನಲ್ಲಿ ನೋಡಿ. ಇಲ್ಲಿ ಮಂಕಾಗಿ ಉರಿದರೆ ಫ್ಯೂಸ್ ಹಿಡಿಕೆ, ಕೀ ಸ್ವಿಚ್, ಅರ್ತ್ ವೈರು ಯಾವುದೋ ಒಂದು ಕಿಲುಬು ಹಿಡಿದಿದೆ. 12 ವೋಲ್ಟಿನ ಗಾಡಿಯಲ್ಲಿ ಅರ್ಧ ವೋಲ್ಟ್ ಸೋರಿದರೆ ಅಷ್ಟು ಗೊತ್ತಾಗುವುದಿಲ್ಲ. 6 ವೋಲ್ಟಿನಲ್ಲಿ ಅದೇ ಅರ್ಧ ವೋಲ್ಟ್ ದೊಡ್ಡ ನಷ್ಟ. ಪ್ರತಿ ಜೋಡಣೆಯನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಪೇಂಟ್ ಮಾಡಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅನ್ನುವವರು ಅರ್ತ್ ಬೋಲ್ಟ್ ಕೆಳಗೆ ಪೇಂಟ್ ಇದೆಯಾ ಅಂತ ಮೊದಲು ನೋಡಿ.

ಪಾಯಿಂಟ್: ಇಲ್ಲಿ ಸ್ವಲ್ಪ ಹೊತ್ತು ಕೂರಿ

ಗಾಡಿಯ ಬಲಗಡೆ ಕವರ್ ಬಿಚ್ಚಿದರೆ ಡೈನಮೊ ಕಾಣುತ್ತದೆ. ಅಲ್ಲಿಯೇ ಪಾಯಿಂಟ್. ಕಡಲೆಬೇಳೆಗಿಂತ ಚಿಕ್ಕದಾದ ಎರಡು ಲೋಹದ ಬೊಟ್ಟುಗಳು. ಕ್ರ್ಯಾಂಕಿನ ತುದಿಯ ಕ್ಯಾಮ್ ಸುತ್ತಿದಾಗ ತೆರೆದು ಮುಚ್ಚುತ್ತವೆ. ತೆರೆದ ಕ್ಷಣದಲ್ಲಿ ಕಾಯಿಲ್ ಕಿಡಿ ಕೊಡುತ್ತದೆ. ಇಡೀ ಗಾಡಿ ನಿಂತಿರುವುದು ಆ ಕ್ಷಣದ ಮೇಲೆ.

ಸ್ಕ್ರೂ ಡ್ರೈವರ್ ತುದಿಯಿಂದ ಪಾಯಿಂಟ್ ತೆರೆದು ಟಾರ್ಚ್ ಬಿಡಿ. ಮುಖ ಬೂದು ಬಣ್ಣದಲ್ಲಿ ನಯವಾಗಿದ್ದರೆ ಆರೋಗ್ಯವಾಗಿದೆ. ನೀಲಿಗಪ್ಪಾಗಿ ಸುಟ್ಟಿದ್ದರೆ, ಒಂದು ಬೊಟ್ಟಿನಲ್ಲಿ ಗುಳಿ, ಇನ್ನೊಂದರಲ್ಲಿ ಮೊಡವೆಯಂಥ ಗುಬುಟು ಇದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಎಣ್ಣೆಯ ಪಸೆ ಇದ್ದರೂ ಕಿಡಿ ಬರುವುದಿಲ್ಲ. ನಿಂತ ಗಾಡಿಯಲ್ಲಿ ಮೇಲೆ ಒಂದು ತೆಳು ಪೊರೆ ಕಟ್ಟಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಕರೆಂಟ್ ತಡೆಯಲು ಅಷ್ಟು ಸಾಕು.

ನಯವಾದ ಎಮರಿ ಪೇಪರನ್ನು ಮಡಚಿ ಎರಡೂ ಮುಖಕ್ಕೆ ತಾಗುವಂತೆ ಮೂರ್ನಾಲ್ಕು ಸಲ ಎಳೆಯಿರಿ. ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ರಟ್ಟಿನ ಚೂರು ಎಳೆಯಿರಿ. ಹಳೆಯ ಮದುವೆ ಕರೆಯೋಲೆ ಕತ್ತರಿಸಿದರೆ ಸರಿಯಾಗುತ್ತದೆ. ಕೊನೆಗೆ ಒಣ ಚೂರು ಎಳೆಯಿರಿ. ಅದು ಬೆಳ್ಳಗೆ ಹೊರಬರುವವರೆಗೆ ಬಿಡಬೇಡಿ.

ಗ್ಯಾಪ್ 0.4 ಮಿ.ಮೀ. ಕಿಕ್ಕರ್ ಮೆಲ್ಲಗೆ ತಳ್ಳಿ ಪಾಯಿಂಟ್ ಅತಿ ಹೆಚ್ಚು ತೆರೆದಿರುವ ಜಾಗಕ್ಕೆ ತಂದು ಅಳೆಯಿರಿ. ಫೀಲರ್ ಗೇಜಿನ ಎಲೆ ಬೆಣ್ಣೆಯಲ್ಲಿ ಚಾಕು ಹೋದಂತೆ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಎಲೆಯಲ್ಲಿ ಎಣ್ಣೆ ಇದ್ದರೆ ನೀವು ಈಗ ತಾನೇ ತೊಳೆದ ಮುಖಕ್ಕೆ ಅದನ್ನು ಬಳಿದಂತಾಗುತ್ತದೆ, ಒರೆಸಿಕೊಳ್ಳಿ. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಗಿಯುವಾಗಲೇ ಗ್ಯಾಪ್ ಓಡುತ್ತದೆ.

ಕತ್ತಲಲ್ಲಿ ಕೀ ಹಾಕಿ ಪಾಯಿಂಟನ್ನು ತೆರೆದು ಮುಚ್ಚಿ ನೋಡಿ. ಸಣ್ಣ ಕಿಡಿ ಸಹಜ. ದೊಡ್ಡ ಕಿತ್ತಳೆ ಬಣ್ಣದ ಕಿಡಿ ಪಟಪಟ ಹಾರಿದರೆ ಕಂಡೆನ್ಸರ್ ಹೋಗಿದೆ. ಅದನ್ನು ಬದಲಿಸಿ. ಆದರೆ ಹೊಸದು ಅಂದ ಮಾತ್ರಕ್ಕೆ ಸರಿ ಇರುತ್ತದೆ ಅಂತ ನಂಬಬೇಡಿ. ನಾನು ಅಂಗಡಿಯಿಂದ ತಂದ ಹೊಸ ಕಂಡೆನ್ಸರ್ ಡಬ್ಬಿಯಿಂದ ತೆಗೆಯುವಾಗಲೇ ಕೆಟ್ಟಿತ್ತು. ಅದು ಕೆಟ್ಟಿರಬಹುದು ಅಂತ ಹೊಳೆಯದೆ ಮೂರು ಭಾನುವಾರ ಬೇರೆ ಎಲ್ಲವನ್ನೂ ಬಿಚ್ಚಿದೆ. ಈಗ ಓಡುತ್ತಿರುವ ಗಾಡಿಯ ಹಳೆಯ ಕಂಡೆನ್ಸರ್ ಒಂದನ್ನು ಡಬ್ಬದಲ್ಲಿ ಇಟ್ಟುಕೊಂಡಿದ್ದೇನೆ. ಅನುಮಾನ ಬಂದಾಗ ಅದನ್ನು ಹಾಕಿ ನೋಡುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಮೈಸೂರಿನ ಹಳೆಯ ಅಂಗಡಿಗಳಲ್ಲೋ ಕಾರ್ಖಾನೆ ಕಾಲದ ಅಸಲಿ ಸಾಮಾನು ಸಿಕ್ಕಿದರೆ ಎರಡು ತೆಗೆದಿಡಿ.

ಇಷ್ಟಾದರೂ ಕಿಡಿ ತೆಳುವಾಗಿದ್ದರೆ ಪ್ಲಗ್ ಕ್ಯಾಪ್ ತಿರುಚಿ ಬಿಚ್ಚಿ, ಪ್ಲಗ್ ವೈರನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರ ಕಾಣುವಂತೆ ಮಾಡಿ ಮತ್ತೆ ಹಾಕಿ. ಕಾಯಿಲ್ ಕೊನೆಗೆ ಬರಲಿ. ಅದೇ ದುಬಾರಿ, ಅದು ಕೆಡುವುದೂ ಕಮ್ಮಿ.

ಟೈಮಿಂಗ್

ಪಾಯಿಂಟ್ ಗ್ಯಾಪ್ ಬದಲಿಸಿದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ ಕೂಡ ಬದಲಾಗುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಉಲ್ಟಾ ಮಾಡಿದರೆ ಎರಡೂ ತಪ್ಪುತ್ತವೆ. ಹಳೆಯ ಜಾವಾ, ಯೆಜ್ಡಿಗಳಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಲು ಸುಮಾರು 3 ಮಿ.ಮೀ. ಬಾಕಿ ಇರುವಾಗ ಪಾಯಿಂಟ್ ತೆರೆಯಬೇಕು. ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿರುವ ಅಂಕಿಯನ್ನೇ ಹಿಡಿಯಿರಿ.

ಬಲ್ಬಿನ ಒಂದು ವೈರು ಪಾಯಿಂಟಿನ ತಂತಿಗೆ, ಇನ್ನೊಂದು ಎಂಜಿನ್ ಮೈಗೆ. ಕೀ ಹಾಕಿ. ಪಾಯಿಂಟ್ ಮುಚ್ಚಿದಾಗ ಬಲ್ಬು ಆರಿರುತ್ತದೆ, ತೆರೆದ ಕ್ಷಣ ಉರಿಯುತ್ತದೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಕೂರಿಸಿ ಪಿಸ್ಟನ್ ಎಲ್ಲಿದೆ ಅಂತ ನೋಡಿಕೊಳ್ಳುತ್ತಾ ಎಂಜಿನ್ ಮೆಲ್ಲಗೆ ತಿರುಗಿಸಿ. ಸೈಕಲ್ ಕಡ್ಡಿಗೆ ಗೆರೆ ಹಾಕಿಕೊಂಡು ಅಳೆಯುವವರೂ ಇದ್ದಾರೆ. ಪ್ಲಗ್ ಓರೆಯಾಗಿ ಕೂರುವ ಹೆಡ್ಡಿನಲ್ಲಿ ಆ ಅಳತೆ ತಪ್ಪುತ್ತದೆ.

ಟೈಮಿಂಗ್ ತೀರ ಮುಂದಿದ್ದರೆ, ಅಂದರೆ ಕಿಡಿ ತೀರ ಬೇಗ ಹಾರಿದರೆ, ಕಿಕ್ಕರ್ ತಿರುಗಿ ಹೊಡೆಯುತ್ತದೆ. ಮೊಣಕಾಲು ಜೋಪಾನ. ಇನ್ನೊಂದು ವಿಚಿತ್ರವೂ ಇದೆ. ಇಂಥ ಟೂ ಸ್ಟ್ರೋಕ್ ಎಂಜಿನ್ ಹಿಂದುಮುಂದಾಗಿ ತಿರುಗುತ್ತಲೂ ಸ್ಟಾರ್ಟ್ ಆಗಬಲ್ಲದು. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಹಾಗಾದರೆ ಹೆದರಬೇಡಿ, ಕೀ ಆಫ್ ಮಾಡಿ, ಟೈಮಿಂಗ್ ನೋಡಿ.

ಕಿಡಿಯೂ ಸರಿ, ಪೆಟ್ರೋಲೂ ಸರಿ, ಆದರೂ ಏಳದು

ಈಗ ಉಳಿದದ್ದು ಗಾಳಿ, ಒತ್ತಡ, ಹೊಗೆ.

ಕ್ರ್ಯಾಂಕಿನ ಎರಡು ಕಡೆ ಆಯಿಲ್ ಸೀಲ್ (ಗಾಳಿ, ಎಣ್ಣೆ ತಡೆಯುವ ರಬ್ಬರ್ ಬಳೆ) ಇವೆ. ಪೆಟ್ರೋಲ್ ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೇ ಹೋಗುವುದರಿಂದ ಅದು ಬಿಗಿಯಾಗಿ ಮುಚ್ಚಿದ ಡಬ್ಬಿಯಂತಿರಬೇಕು. ಬಲಗಡೆ ಡೈನಮೊ ಬದಿಯ ಸೀಲ್ ಹೋದರೆ ಬರೀ ಗಾಳಿ ಎಳೆಯುತ್ತದೆ. ತಣ್ಣಗಿದ್ದಾಗ ಏಳುವುದಿಲ್ಲ, ಎದ್ದರೆ ಐಡಲ್ ತಾನಾಗಿ ಏರುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಎಡಗಡೆ ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಳ್ಳುತ್ತದೆ. ದಟ್ಟ ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಪ್ಲಗ್ ಜಿಡ್ಡು, ಗೇರ್ ಬಾಕ್ಸಿನ ಆಯಿಲ್ ತಿಂಗಳು ತಿಂಗಳು ಇಳಿಯುತ್ತದೆ, ಹೊರಗೆಲ್ಲೂ ಸೋರಿದ ಗುರುತಿಲ್ಲ. ವರ್ಷಗಟ್ಟಲೆ ನಿಂತ ಗಾಡಿಯ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ. ಸ್ಟಾರ್ಟ್ ಆದ ಒಂದು ವಾರಕ್ಕೆ ಅದು ಸೀಳಿದರೆ ಆಶ್ಚರ್ಯವಿಲ್ಲ. ಸೀಲ್ ಬದಲಿಸುವುದು ಮೊದಲ ಸಲ ಗೊತ್ತಿದ್ದವರ ಪಕ್ಕ ಕೂತು ಮಾಡುವ ಕೆಲಸ.

ಒತ್ತಡ ನೋಡಲು ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕೈಯಿಂದಲೇ ಕಿಕ್ಕರ್ ಒತ್ತಿ. ಬೆರಳನ್ನು ಗಾಳಿ ಜೋರಾಗಿ ತಳ್ಳಬೇಕು. ತಳ್ಳದಿದ್ದರೆ ಒಂದು ಟೀ ಚಮಚ 2ಟಿ (ಟೂ ಸ್ಟ್ರೋಕ್) ಆಯಿಲ್ ಒಳಗೆ ಬಿಟ್ಟು, ನಾಲ್ಕು ಸಲ ತಿರುಗಿಸಿ ಮತ್ತೆ ನೋಡಿ. ಈಗ ತಳ್ಳಿದರೆ ರಿಂಗ್, ಬೋರ್ ಸವೆದಿವೆ. ಏನೂ ವ್ಯತ್ಯಾಸ ಆಗದಿದ್ದರೆ ಹೆಡ್ ಪ್ಯಾಕಿಂಗ್ ನೋಡಿ.

ಇನ್ನು ಸೈಲೆನ್ಸರ್. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್ ಇರುವುದರಿಂದ ಇಲ್ಲಿ ಒಂದು ಅನುಕೂಲ ಇದೆ. ಯಾರಾದರೂ ಕಿಕ್ ಮಾಡುವಾಗ ಎರಡರ ಬಾಯಿಗೂ ಅಂಗೈ ಅಡ್ಡ ಹಿಡಿಯಿರಿ. ಎರಡರಲ್ಲೂ ಒಂದೇ ರಭಸ ಇರಬೇಕು. ಅಪ್ಪನ ಗಾಡಿಯಲ್ಲಿ ಎಡಗಡೆ ಏನೂ ಬರುತ್ತಿರಲಿಲ್ಲ. ಬ್ಯಾಫಲ್ (ಸೈಲೆನ್ಸರಿನೊಳಗೆ ಕೂರುವ, ಸದ್ದು ತಗ್ಗಿಸುವ ಭಾಗ) ಎಳೆದರೆ ಕಡಜ ಕಟ್ಟಿದ ಮಣ್ಣಿನ ಗೂಡು ಹೆಂಟೆಯಾಗಿ ಉದುರಿತು. ಬಲಗಡೆಯದರಲ್ಲಿ ಹಳೆಯ ಎಣ್ಣೆ ಮಸಿ ಡಾಂಬರಿನಂತೆ ಕೂತಿತ್ತು. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರಲು ಜಾಗವಿಲ್ಲ. ಬ್ಯಾಫಲ್ ಹೊರತೆಗೆದು ಮಸಿ ಕೆರೆಯಿರಿ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುವುದಾದರೆ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಭಾಗ ಯಾವುದನ್ನೂ ಅದರಲ್ಲಿ ಹಾಕಬೇಡಿ, ತಿಂದುಹಾಕುತ್ತದೆ.

ತಣ್ಣಗಿದ್ದಾಗ ಏಳುತ್ತೆ, ಬಿಸಿಯಾದಾಗ ಏಳಲ್ಲ

ಹತ್ತು ಹದಿನೈದು ಕಿಲೋಮೀಟರ್ ಚೆನ್ನಾಗಿ ಓಡಿ, ಟೀಗೆ ನಿಲ್ಲಿಸಿ ಮತ್ತೆ ಕಿಕ್ ಮಾಡಿದರೆ ಉಸಿರೇ ಇಲ್ಲ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುತ್ತದೆ. ಇದು ಬಹುತೇಕ ಕಂಡೆನ್ಸರ್ ಅಥವಾ ಕಾಯಿಲ್ ಬಿಸಿಗೆ ಕೈಕೊಡುವ ಲಕ್ಷಣ. ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಕಿಡಿ ನೋಡಿ. ಮನೆಗೆ ತಂದು ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿ ಕಾಣುತ್ತದೆ. ಬಿಸಿಯಲ್ಲೂ ಕಿಡಿ ನೀಲಿಯಾಗಿದ್ದರೆ ಪೆಟ್ರೋಲ್ ಜಾಸ್ತಿ ಆಗಿರಬಹುದು. ಟಿಕ್ಲರ್ ಮುಟ್ಟದೆ, ಆಕ್ಸಿಲರೇಟರ್ ಅರ್ಧ ತೆರೆದು ಒಂದು ಕಿಕ್ ಕೊಟ್ಟು ನೋಡಿ. ಬಿಸಿ ಎಂಜಿನ್ನಿಗೆ ಟಿಕ್ಲರ್ ಒತ್ತುವ ಅಭ್ಯಾಸ ಬಹಳ ಜನರಿಗಿದೆ, ದಯವಿಟ್ಟು ಬಿಡಿ.

ಆಯಿಲ್ ಲೆಕ್ಕ

ಆಯಿಲ್ ಪಂಪ್ ಇರುವ ಆಯಿಲ್‌ಕಿಂಗ್ ಬಿಟ್ಟರೆ ಉಳಿದವಕ್ಕೆ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಲೀಟರಿಗೆ 40 ಮಿಲಿ, ಅಂದರೆ 25ಕ್ಕೆ 1, ಹಳೆಯ ಲೆಕ್ಕ. ಕಣ್ಣಂದಾಜಿನಲ್ಲಿ ಸುರಿಯಬೇಡಿ, ಔಷಧಿ ಬಾಟಲಿಯ ಅಳತೆ ಮುಚ್ಚಳ ಸಾಕು. ಬೇರೆ ಕ್ಯಾನಿನಲ್ಲಿ ಬೆರೆಸಿ, ಕುಲುಕಿ, ಆಮೇಲೆ ಟ್ಯಾಂಕಿಗೆ ಹಾಕಿ. ಟ್ಯಾಂಕಿಗೇ ನೇರವಾಗಿ ಆಯಿಲ್ ಸುರಿದರೆ ಅದು ತಳದಲ್ಲಿ ಕೂತು ಮೊದಲು ಕಾರ್ಬೊರೇಟರಿಗೆ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಪ್ಲಗ್ ಜಿಡ್ಡು.

ಸರಿಯಾದ ಮೇಲೆ, ದಿನಾ ಹೀಗೆ

ಅಪ್ಪ ದಿನಾ ಬೆಳಿಗ್ಗೆ ಮಾಡುತ್ತಿದ್ದ ಕ್ರಮ ನನಗೆ ಕಣ್ಣಿಗೆ ಕಟ್ಟಿದಂತಿದೆ. ಟ್ಯಾಪ್ ತೆರೆದು ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು, ಫ್ಲೋಟ್ ಇರುವ ಬಟ್ಟಲು ತುಂಬಲಿ ಅಂತ. ಟಿಕ್ಲರ್ ಒತ್ತಿ ಹಿಡಿದು, ಪೆಟ್ರೋಲ್ ಬೆರಳಿಗೆ ತಣ್ಣಗೆ ತಾಗಿದ ಕೂಡಲೇ ಬಿಡುತ್ತಿದ್ದರು. ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದಲ್ಲ, ಹಾಗೆ ಎತ್ತಿ, ಕೀ ಹಾಕದೆ ಎರಡು ಸಲ ನಿಧಾನಕ್ಕೆ ಒತ್ತುತ್ತಿದ್ದರು. ಆಮೇಲೆ ಕೀ. ಮತ್ತೆ ಕಾಲಲ್ಲಿ ಮೆಲ್ಲಗೆ ಒತ್ತಿ, ಗಟ್ಟಿಯಾಗಿ ತಡೆ ಸಿಗುವ ಜಾಗ ಹುಡುಕಿ, ಅಲ್ಲಿಂದ ಒಂದೇ ಒಂದು ತುಂಬು ಕಿಕ್. ಆಕ್ಸಿಲರೇಟರ್ ಕೂದಲೆಳೆಯಷ್ಟು ಮಾತ್ರ ತೆರೆದಿರುತ್ತಿತ್ತು.

ಅರ್ಧಂಬರ್ಧ ಕಿಕ್ ಬೇಡ. ಲಿವರ್ ಕೆಳಗಿನ ತುದಿಯವರೆಗೂ ಹೋಗಬೇಕು. ಸಂಜೆ ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ ಮೊದಲ ಕೆಲಸ ಟ್ಯಾಪ್ ಮುಚ್ಚುವುದು. ಫ್ಲೋಟ್ ನೀಡಲ್ (ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಸ್ವಲ್ಪ ಸವೆದಿದ್ದರೂ ರಾತ್ರಿಯಿಡೀ ಪೆಟ್ರೋಲ್ ಸೋರಿ ಕ್ರ್ಯಾಂಕ್ ಕೇಸಿಗೆ ಇಳಿದಿರುತ್ತದೆ, ಇಳಿಜಾರಿನಲ್ಲಿ ನಿಲ್ಲಿಸಿದ್ದರಂತೂ ಇನ್ನೂ ಜಾಸ್ತಿ.

ಇಷ್ಟೆಲ್ಲ ನೋಡಿಯೂ ಗಾಡಿ ಏಳದೆ ಮೆಕ್ಯಾನಿಕ್ ಹತ್ತಿರ ಒಯ್ಯುವುದಾದರೆ ಬಿಚ್ಚಿದ ಪ್ಲಗ್ಗನ್ನು ಒರೆಸದೆ ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ನೀವು ಬರೆದಿಟ್ಟ ಪುಸ್ತಕವನ್ನೂ ತೋರಿಸಿ. ಚಾಚಾ ಈಗಲೂ ನನ್ನನ್ನು ಕಂಡ ಕೂಡಲೇ ಮೊದಲು ಆ ಪ್ಲಗ್ಗಿಗೇ ಕೈ ಚಾಚುತ್ತಾರೆ.